ಪಾಸ್‌ವರ್ಡ್ ಪುಸ್ತಕ

ಇಡೀ ದ್ವೀಪದ ಪಾಸ್‌ವರ್ಡುಗಳು ನನ್ನ ಬಳಿ ಇವೆ.
ನೀಲಿ ರಟ್ಟಿನ ಪುಸ್ತಕ, ಮೂಲೆ ಮಡಚಿದೆ,
ಜ್ವರದ ಮಾತ್ರೆಯ ಡಬ್ಬಿಯ ಕೆಳಗೆ ಇಟ್ಟಿರುತ್ತೇನೆ.
ನಲವತ್ತಮೂರು ಜನ.
ಎರುಂದಿನಾಳದ್ದು ಸತ್ತ ನಾಯಿಯ ಹೆಸರು, ಜೊತೆಗೆ 1960,
ಕಡಲು ಊರೊಳಗೆ ನುಗ್ಗಿದ ವರ್ಷ.
ಒತಿಲಿಯಾಳದ್ದು, ಹುಟ್ಟದೇ ಹೋದ ಮಗಳಿಗೆ ಇಟ್ಟಿದ್ದ ಹೆಸರು.
ಪಾದ್ರಿಯೂ ಇಷ್ಟು ಕೇಳಿಸಿಕೊಂಡಿರಲಿಕ್ಕಿಲ್ಲ.

ಮೊದಲು ಡಾಕ್ಟರು ದೋಣಿಯಲ್ಲಿ ಬರುತ್ತಿದ್ದರು,
ತಿಂಗಳಿಗೊಮ್ಮೆ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು.
ರೋಗಿಗಳೇ ಚಹಾ ಕಾಸಿ ಕೊಟ್ಟು, ಒಲೆಯ ಪಕ್ಕ ಕೂರಿಸಿ
ಅವರನ್ನು ಸುಧಾರಿಸಬೇಕಿತ್ತು.
ಈಗ ದೋಣಿ ವರ್ಷಕ್ಕೆ ಮೂರೇ ಸಲ. ಉಳಿದಂತೆ ಪರದೆ.
ಕಾಸ್ತ್ರೋದಿಂದ ಬಂದವರು ಗೋಡೆಗೊಂದು ಪೋಸ್ಟರು ಅಂಟಿಸಿ ಹೋದರು:
‘ಇನ್ನು ವೈದ್ಯರು ನಿಮ್ಮ ಅಂಗೈಯಲ್ಲಿ.’
ಎರುಂದಿನಾ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು.

ಅವಳ ಬೆರಳಿನ ಗುರುತು ಫೋನಿಗೆ ಹತ್ತುವುದಿಲ್ಲ.
ಐವತ್ತು ವರ್ಷ ಕಡಲಪಾಚಿ ಕಿತ್ತ ಬೆರಳು,
ಗೆರೆಗಳನ್ನೆಲ್ಲ ಉಪ್ಪು ತಿಂದು ಮುಗಿಸಿದೆ.
ಒತ್ತುತ್ತಾಳೆ, ಲಂಗಕ್ಕೆ ಒರೆಸುತ್ತಾಳೆ, ಮತ್ತೆ ಒತ್ತುತ್ತಾಳೆ,
‘ಇದರ ಪಾಲಿಗೆ ನಾನು ಸತ್ತಿದ್ದೇನೇನೋ’ ಎಂದು ನಗುತ್ತಾಳೆ.
ನಾನು ನನ್ನ ಬೆರಳು ಒತ್ತುತ್ತೇನೆ. ಬಾಗಿಲು ತೆರೆಯುತ್ತದೆ.
ಹೀಗೆ ನನ್ನ ಬೆರಳಿಗೆ ಎಂಬತ್ತೊಂದು ವಯಸ್ಸು, ಸಕ್ಕರೆ ಕಾಯಿಲೆ;
ಮರುಗಳಿಗೆ ಹದಿನಾರು ವಯಸ್ಸು,
ಮುಟ್ಟು ತಪ್ಪಿ ಎರಡು ತಿಂಗಳು.

ಪುಸ್ತಕದಲ್ಲಿ ಇಲ್ಲದವರೂ ಇದ್ದಾರೆ.
ಆ ತುದಿಯ ರುಡೆಸಿಂದೊ,
‘ನನ್ನ ನೋವು ನೋಡಬೇಕಾದರೆ ಬಂದು ನೋಡಲಿ’ ಎಂದವನು.
ಲೆಕ್ಕದಲ್ಲಿ ಅವನು ಆರೋಗ್ಯವಾಗಿದ್ದಾನೆ.

ಸಿಗ್ನಲ್ಲು ಸಿಗುವುದು ಕಿಟಕಿಯ ಬಲಮೂಲೆಯಲ್ಲಿ ಮಾತ್ರ.
ಬಡಗಣ ಗಾಳಿ ಎದ್ದರೆ ಅದೂ ಇಲ್ಲ.

ಮಂಗಳವಾರ ಬೆಲಾರ್ಮಿನೊ ಬಂದ.
ಅಮ್ಮನ ಅಣ್ಣ, ನನಗೆ ಹುಟ್ಟು ಹಾಕಲು ಕಲಿಸಿದವನು.
ಪರದೆಯಲ್ಲಿ ಸಾಂತಿಯಾಗೊದ ಎಳೆವಯಸ್ಸಿನ ಡಾಕ್ಟರು,
ಬೆನ್ನಹಿಂದೆ ಬಿಳಿಗೋಡೆ, ಒಂದು ಪುಟ್ಟ ಕಳ್ಳಿಗಿಡ.
‘ಏನು ತೊಂದರೆ, ಅಜ್ಜ?’
ಅವನು ನನ್ನತ್ತ ನೋಡಿದ.
‘ಏನೂ ಇಲ್ಲ. ಮಂಡಿ, ಸ್ವಲ್ಪ.’
ಕಳೆದ ಸಲವೂ ಮಂಡಿ. ಅದರ ಹಿಂದಿನ ಸಲವೂ.
ಪ್ಯಾಂಟಿನ ಒದ್ದೆಯನ್ನು ಟೋಪಿಯಲ್ಲಿ ಮುಚ್ಚಿಕೊಂಡಿದ್ದನ್ನು
ನೋಡಿದೆ,
ನೋಡಲಿಲ್ಲ.

ನಾನಿರುವ ತನಕ ಅವನು ತುಟಿ ಬಿಚ್ಚುವುದಿಲ್ಲ.
ನಾನಿಲ್ಲದೆ ಫೋನು ಬಾಯಿ ಬಿಡುವುದಿಲ್ಲ.

ಫೋನನ್ನು ಸಕ್ಕರೆ ಬಟ್ಟಲಿಗೆ ಆನಿಸಿ ನಿಲ್ಲಿಸಿ
‘ಸೌದೆ ತರುತ್ತೇನೆ’ ಎಂದು ಹೊರಬಿದ್ದೆ.
ಸೌದೆ ಒಳಗೇ ಬೇಕಾದಷ್ಟಿತ್ತು, ಅದು ಅವನಿಗೂ ಗೊತ್ತು.
ಸೂರಿನಡಿ ಒದ್ದೆಯಾಗುತ್ತ ನಿಂತು ಗಾಜಿನೊಳಗೆ ನೋಡಿದೆ:
ಮಾತಾಡುತ್ತಿದ್ದ. ಕೈ ಎತ್ತಿ, ಇಳಿಸಿ,
ಹೊಟ್ಟೆಯ ಕೆಳಗೆ ತೋರಿಸಿ,
ಒಮ್ಮೆ ತೋಳಿನಿಂದ ಕಣ್ಣೊರೆಸಿಕೊಂಡು ಮತ್ತೆ ಶುರುಮಾಡಿ.
ಹೆಂಡತಿಯನ್ನು ಮಣ್ಣು ಮಾಡಿದ ದಿನವೂ
ಅವನು ಅಷ್ಟು ಮಾತಾಡಿರಲಿಲ್ಲ.
ನನ್ನ ಕಿವಿಗೆ ಗಾಳಿ. ಯಾವ ಕಡೆಯದೆಂದು
ಆಗ ಹೊಳೆಯಲಿಲ್ಲ.

ಒಳಗೆ ಹೋದಾಗ ಡಾಕ್ಟರ ಬಾಯಿ ಅರ್ಧ ತೆರೆದಿತ್ತು,
ಒಂದು ಕಣ್ಣು ಮುಚ್ಚಿತ್ತು,
ಕಳ್ಳಿಗಿಡ ಚೌಕ ಚೌಕವಾಗಿ ಒಡೆದಿತ್ತು.
ಹನ್ನೊಂದು ಏಳಕ್ಕೇ ನಿಂತುಹೋಗಿದ್ದಳು.
ಗೋಡೆಯ ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು.
‘ಒಳ್ಳೆ ಹುಡುಗಿ,’ ಎಂದ ಬೆಲಾರ್ಮಿನೊ ಮೇಲೇಳುತ್ತ,
‘ಮಧ್ಯೆ ಬಾಯಿ ಹಾಕಲಿಲ್ಲ. ಎಲ್ಲ ಹೇಳಿಬಿಟ್ಟೆ.’
ನಾನು ತುಟಿಪಿಟಕ್ಕೆನ್ನಲಿಲ್ಲ.
ಮಳೆಯಲ್ಲಿ ಅವನು ಹಗುರಾಗಿ ಇಳಿದು ಹೋದ.

ಸಂಜೆಗೆ ಕಡತ ತನ್ನಷ್ಟಕ್ಕೇ ತುಂಬಿಕೊಂಡಿತ್ತು:
ಸಮಾಲೋಚನೆ ನಡೆದಿದೆ. ದೂರು, ಮಂಡಿ.
ತೃಪ್ತಿ ಐದಕ್ಕೆ ಎಷ್ಟು? ಅದನ್ನು ನಾನೇ ಒತ್ತಬೇಕು.
ಪುಸ್ತಕ ತೆರೆದು ಅವನ ಪುಟ ನೋಡಿದೆ.
ಮುಳುಗಿದ ದೋಣಿಯ ಹೆಸರು, ಎಲ್ಲ ಸಣ್ಣಕ್ಷರದಲ್ಲಿ.

ನಾಳೆ ಆಲೂಗಡ್ಡೆ ಕೇಳುವ ನೆಪದಲ್ಲಿ ಅವನ ಮನೆಗೆ ಹೋಗಬೇಕು.
ಮಾಮ, ಇನ್ನೊಂದು ಸಲ ಹೇಳು, ಅನ್ನಬೇಕು.
ಯಾವ ಮುಖ ಇಟ್ಟುಕೊಂಡು?

ಆ ಪರದೆಯ ಹಾಗೆ, ರೆಪ್ಪೆ ಮಿಟುಕಿಸದೆ,
ಬಾಯಿ ಅರ್ಧ ತೆರೆದು
ಅವನೆದುರು ಕೂರಲು
ಕಲಿಯಬೇಕು.